ಡಬ್ಬಿಯ ಮೇಲೆ ಬರೆದದ್ದು

ಸಾಬೂನು ಕಾರ್ಖಾನೆಯ ಯಜಮಾನರ ಸನ್ನಿಧಿಗೆ,

ಕಡಾಯಿ ಕೋಣೆಯಿಂದ ನಿನ್ನೆ ತಾವು ಓಡಿಸಿದ ಹಳೆಯ ಆಳು ಕೈಮುಗಿದು ಬರೆಯುವುದು.

ನಮ್ಮ ಕೋಣೆಯಲ್ಲಿ ನೆಣವೆಂದರೆ ನೀರಿರುವ ಹಸಿ ಸರಕು. ಚರ್ಬಿಯೆಂದರೆ ಕಾಯಿಸಿ ಸೋಸಿದ್ದು. ಕೊಬ್ಬು ಎಂಬುದು ಬೈಗುಳ. ಅದನ್ನು ತಾವು ನನಗೆ ದಿನಕ್ಕೆರಡು ಸಲ ದಯಪಾಲಿಸುತ್ತಿದ್ದಿರಿ. ಈಗ ಹೊಸ ಮ್ಯಾನೇಜರು ಅಂದವಾಗಿರಲೆಂದು ಎಲ್ಲ ಡಬ್ಬಿಗಳ ಮೇಲೂ ‘ಕೊಬ್ಬು’ ಎಂದೇ ಬರೆಸಿದ್ದಾರೆ. ಬೇಡವೆಂದಿದ್ದಕ್ಕೇ ನನ್ನ ಕೆಲಸ ಹೋಯಿತು.

ಕಾದ ಚರ್ಬಿಗೆ ಹಸಿ ನೆಣ ಬಿದ್ದರೆ ಕಡಾಯಿ ಆಳೆತ್ತರ ಸಿಡಿಯುತ್ತದೆ. ನನ್ನ ಎಡಗೈ ಅದನ್ನು ಕಂಡಿದೆ. ಈ ಪತ್ರ ಬಲಗೈಯದು.

ಡಬ್ಬಿಗಳನ್ನು ನಾನು ಮೂಸಿ ಸುರಿಯುತ್ತಿದ್ದೆ. ನನ್ನ ಜಾಗಕ್ಕೆ ಬಂದ ನನ್ನ ಅಳಿಯ ಓದು ಬಲ್ಲವನು, ಬರೆದದ್ದನ್ನು ನಂಬುತ್ತಾನೆ. ಬೆಳಿಗ್ಗೆ ಮೂಸಿ ನೋಡೆಂದು ಎಚ್ಚರಿಸಿದರೆ, “ಕೆಲಸ ಹೋದ ಹೊಟ್ಟೆಯುರಿ ನನ್ನ ಮೇಲ್ಯಾಕೆ ಮಾವ?” ಎಂದು ನಕ್ಕ.

ನನ್ನನ್ನು ಒಂದು ಗಳಿಗೆ ಒಳಗೆ ಬಿಡಿ. ಸಂಬಳ ಬೇಡ. ಆಗದಿದ್ದರೆ ಆ ಕೋಣೆಯ ಬಾಗಿಲನ್ನಾದರೂ ತೆರೆದಿಡಿಸಿ.

ಗೇಟಿನಲ್ಲೇ ನಿಂತು ಬರೆಯುತ್ತಿದ್ದೇನೆ. “ಯಜಮಾನ್ರು ಊಟಕ್ಕೆ ಕೂತವ್ರೆ, ಆಮೇಲೆ ಕೊಡ್ತೀನಿ ಬಿಡಣ್ಣ” ಎನ್ನುತ್ತಾನೆ ಕಾವಲುಗಾರ. ದಯವಿಟ್ಟು ಕೈ ತೊಳೆಯುವ ಮುನ್ನವೇ ಓದಿ. ಕಡಾಯಿ ಕೋಣೆಯ ಚಿಮಣಿಯಲ್ಲಿ ಹೊಗೆ ಎದ್ದಿದೆ.

ಇಂತಿ,
ತಮ್ಮ ಕೊಬ್ಬಿದ ಆಳು