ಮೊದಲಿಂದಲೂ ಹೀಗೇ

ಲೇ ಎರೆಹುಳು,

ಇವತ್ತು ನಮ್ಮ ತುಂಡು ಹೊಲ ಬಿಟ್ಟುಕೊಟ್ಟು ಬಂದೆ. ಹೊಸ ರೈತರು ಕಲಿಯಲೆಂದು ಕೃಷಿ ಕೇಂದ್ರದವರು ಕೊಡುವ ನೆಲ, ಮೂರೇ ವರ್ಷ. ಆಮೇಲೆ ಸ್ವಂತ ನೆಲ ಹುಡುಕಿಕೊಳ್ಳಬೇಕು. ನನಗೆಲ್ಲೂ ಸಿಗಲಿಲ್ಲ. "ಆಮೇಲೆ ಎಲ್ಲಿಗೆ ಹೋಗ್ತೀವೇ?" ಎಂದು ನೀನು ಕೇಳುತ್ತಿದ್ದೆ. ಉತ್ತರಕ್ಕೆ ಕಾಯದೆ ನೀನು ಹೊರಟೇಹೋದೆ.

ನಮ್ಮ ಜಾಗಕ್ಕೆ ಬಂದ ಹುಡುಗಿ ಗುದ್ದಲಿ ಹಾಕಿ ಒಂದು ಹೆಂಟೆ ಎತ್ತಿದಳು. ತುಂಬ ಎರೆಹುಳು! ಮೊದಲ ವರ್ಷ ಒಂದೇ ಒಂದು ಕಂಡಾಗ ನೀನು ಖುಷಿಗೆ ಕಿರುಚಿದ್ದಕ್ಕೆ, ಹಾವೆಂದುಕೊಂಡು ಅಕ್ಕಪಕ್ಕದವರೆಲ್ಲ ಕೋಲು ಹಿಡಿದು ಓಡಿಬಂದಿದ್ದರು. ನಿನಗೆ ಈ ಹೆಸರು ಬಿದ್ದದ್ದೇ ಅವತ್ತು.

"ಅಕ್ಕಾ, ಇಲ್ಲಿ ಮಣ್ಣು ಮೊದಲಿಂದಲೂ ಹೀಗೇನಾ?" ಎಂದಳು.

ನಾವು ಕಲ್ಲು ಆರಿಸಿದ್ದು, ಗೊಬ್ಬರ ಹೊತ್ತದ್ದು, ನಿನಗೆ ಸೊಂಟ ಹಿಡಿದುಕೊಂಡದ್ದು ಎಲ್ಲ ಬಾಯಿಯವರೆಗೂ ಬಂತು. ಆದರೆ ಅವಳ ಮುಖ ಅವತ್ತಿನ ನಿನ್ನ ಮುಖದಂತೆಯೇ ಅರಳಿತ್ತು.

"ಹೂಂ ಕಣಮ್ಮಾ, ಮೊದಲಿಂದಲೂ ಹೀಗೇ," ಎಂದೆ.

ಗೇಟಿನ ಬೀಗದ ಕೈ ಇಸಿದುಕೊಳ್ಳುತ್ತಾ ಕೇಂದ್ರದ ಮೇಲ್ವಿಚಾರಕರು ಕೇಳಿದರು: "ನಿಮ್ಮದು ಇನ್ನೇನಾದ್ರೂ ಇಲ್ಲಿ ಉಳಿದಿದೆಯಾ?"

"ಏನೂ ಇಲ್ಲ ಸಾರ್."

ಮನೆಗೆ ಬಂದು ಎಷ್ಟೋ ಹೊತ್ತಾಯಿತು. ಇನ್ನೂ ಕೈಯ ಮಣ್ಣು ತೊಳೆದಿಲ್ಲ ಕಣೇ.