ಸೋಮವಾರದ ಸೀಟು

ಲೇ ಪರಮೇಶಿ, ನನ್ನ ಜಗಳಗಂಟ ಗೆಳೆಯಾ,

ಹೊಸದುರ್ಗದ ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇದೆ. ಹಿರಿಯೂರು ಬಸ್ ನಿಲ್ದಾಣದ ಇದೇ ಕಂಟ್ರೋಲರ್ ಕೋಣೆಯಲ್ಲಿ, ನೀನು ಕೈಯೂರಿ ನಿಲ್ಲುತ್ತಿದ್ದ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಕೂತು ಅಂದೆನಲ್ಲ, ಅದು ಸುಳ್ಳು. ಎರಡು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಗೇಟಿನವರೆಗೂ ಹೋಗಿ ಬಂದೆ. ನೀನು ಹೋಗಿ ಒಂದು ತಿಂಗಳ ಮೇಲಾಯಿತು. ನಿನಗೆ ಒಂದು ಮಾತು ಹೇಳಬೇಕಿತ್ತು. ಅದನ್ನು ಇನ್ನೂ ಯಾರಿಗೂ ಹೇಳಿಲ್ಲ.

ನೀನು ಮುಖ ಊದಿಸಿಕೊಂಡು ಈ ಕಿಟಕಿಗೆ ಬಂದ ದಿನ ನೆನಪಿದೆಯಾ? ನಿದ್ದೆಗೆಟ್ಟಿದ್ದೀಯ ಅಂದುಕೊಂಡು ತಮಾಷೆ ಮಾಡಿದೆ. ನೀನು ನಗಲಿಲ್ಲ. ಬೆಂಗಳೂರಿನ ಡಾಕ್ಟರು ಎರಡು ಮೂತ್ರಪಿಂಡಗಳೂ ಕೈಕೊಟ್ಟಿವೆ ಅಂದಿದ್ದರು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕು, ತಪ್ಪಿದರೆ... ಆ ಮಾತನ್ನು ನೀನೂ ಮುಗಿಸಲಿಲ್ಲ. ನಿನ್ನ ಹೆಂಡತಿ ಗೌರಮ್ಮನ ಅಣ್ಣ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದುದರಿಂದ ಸೋಮವಾರ, ಗುರುವಾರ ಅಂತ ಎರಡು ದಿನ ಸಿಕ್ಕಿದ್ದವು. ಬೆಳಿಗ್ಗೆ ಹೋಗುವುದು, ಯಂತ್ರಕ್ಕೆ ಮಲಗುವುದು, ರಾತ್ರಿ ಭಾವಮೈದುನನ ಮನೆಯಲ್ಲಿದ್ದು ಮರುದಿನ ವಾಪಸ್ಸು. "ಹಾಲಿನ ವರ್ತನೆ ಇದ್ದಂಗೆ ಕಣಲೇ ಮಂಜ, ಒಂದು ದಿನಾನೂ ತಪ್ಪಂಗಿಲ್ಲ. ಹೆಂಗಾರ ಮಾಡಿ ನನ್ನ ಬೆಂಗಳೂರಿಗೆ ಮುಟ್ಸು" ಅಂದೆ. ದಿನವೂ ಬಸ್ಸು ಹೊರಡಿಸುವ ಕಂಟ್ರೋಲರ್ ನಾನು, ಇದೇನು ಮಹಾ ಅಂದುಕೊಂಡೆ.

ಮೊದಲು ನಾವಿಬ್ಬರೂ ತಾಲ್ಲೂಕು ಕಚೇರಿಗೆ ಸರ್ಕಾರಿ ಜೀಪು ಕೇಳಲು ಹೋದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಜೊತೆಗೆ ಮೈಯೂ ಉರಿಯುತ್ತದೆ. ಮೇಜಿನ ಹಿಂದಿದ್ದವನು ತಲೆ ಎತ್ತದೆ, "ಎಮರ್ಜೆನ್ಸಿ ಏನ್ರಿ?" ಅಂದ. ಇಲ್ಲ ಸಾರ್, ಪ್ರತಿ ಸೋಮವಾರ, ಪ್ರತಿ ಗುರುವಾರ ಅಂದೆ ನಾನು. "ಎಮರ್ಜೆನ್ಸಿ ಆದ್ರೆ ಮಾತ್ರ ಜೀಪು." ನೀನು ಹಲ್ಲು ಕಿರಿದು, "ಎಮರ್ಜೆನ್ಸಿ ಹೋಗಿ ಎರಡು ವರ್ಷ ಆತಲ್ಲ ಸಾರ್, ನಿಮ್ಮ ಆಫೀಸಿಗೆ ಇನ್ನೂ ಗೊತ್ತಾಗಿಲ್ವ?" ಅಂದೆ. ಇಡೀ ಕಚೇರಿ ನಕ್ಕಿತು. ಅವನೂ ನಕ್ಕ. ಜೀಪು ಮಾತ್ರ ಕೊಡಲಿಲ್ಲ.

ಆಮೇಲಿನ ಮೂರು ವಾರ ನಮ್ಮ ಜನರನ್ನು ನೋಡಿ ನನಗೆ ಹೆಮ್ಮೆಯಾಗಿತ್ತು. ಭೀಮಸಮುದ್ರದ ನಿನ್ನ ನೆಂಟರು ತಮ್ಮ ಕಾರು ಕಳಿಸಿದರು. ಈರುಳ್ಳಿ ಲಾರಿಯ ಡ್ರೈವರನೊಬ್ಬ ತನ್ನ ಪಕ್ಕ ಹಾಸಿಗೆ ಹಾಸಿ ಮಲಗಿಸಿಕೊಂಡು ಹೋದ. ನಾಲ್ಕನೆಯ ವಾರಕ್ಕೆ ಎಲ್ಲರೂ ಕೇಳತೊಡಗಿದರು: "ಇನ್ನೂ ವಾಸಿ ಆಗ್ಲಿಲ್ವ?" ಅವರ ಮೇಲೆ ನನಗೆ ಸಿಟ್ಟಿಲ್ಲ ಪರಮೇಶಿ. ಪ್ರಾಣ ಹೋಗುತ್ತಿದೆ ಅಂದರೆ ಉಣ್ಣುವ ತಟ್ಟೆ ಬಿಟ್ಟು ಎದ್ದು ಬರುವ ಜನ ನಮ್ಮವರು. ಆದರೆ ಸಾಯದೆ, ವಾಸಿಯೂ ಆಗದೆ, ಬರುವ ಸೋಮವಾರವೂ ಅದರಾಚೆಯ ಸೋಮವಾರವೂ ಹೋಗಲೇಬೇಕಾದ ಮನುಷ್ಯನಿಗೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ನನಗೆ ಮಾತ್ರ ತಿಳಿದಿತ್ತಾ?

ದಾವಣಗೆರೆಯಿಂದ ಬರುವ ಬೆಂಗಳೂರು ಬಸ್ಸಿನಲ್ಲಿ ನೀನು ನಿಂತುಕೊಂಡು ಹೋದ ಆ ಗುರುವಾರ ನನಗೆ ಬುದ್ಧಿ ಬಂತು. ಹಿರಿಯೂರಿಗೆ ಬರುವಷ್ಟರಲ್ಲಿ ಅದು ಯಾವಾಗಲೂ ತುಂಬಿರುತ್ತದೆ. ಶಿರಾದ ಹತ್ತಿರ ನೀನು ಕಂಬ ಹಿಡಿದೇ ಕುಸಿದೆ ಅಂತ ಕಂಡಕ್ಟರು ಹೇಳಿದ. ಅವತ್ತೇ ಚಿತ್ರದುರ್ಗದ ಕಂಟ್ರೋಲರ್ ಖಾದರ್ ಸಾಬರಿಗೆ ಫೋನು ಮಾಡಿದೆ. ಸೀಟು ಹಿಡಿಯುವುದಕ್ಕೆ ನಮ್ಮ ಕಡೆ ಇರುವ ಕಾನೂನು ಒಂದೇ ಅಲ್ಲವಾ, ಟವೆಲ್ ಹಾಕುವುದು? ನಿನ್ನ ಹೆಗಲ ಮೇಲಿನ ಕೆಂಪು ಅಂಚಿನ ಟವೆಲನ್ನೇ ಕಿತ್ತುಕೊಂಡು ದುರ್ಗಕ್ಕೆ ಕಳಿಸಿದೆ. ಸೋಮವಾರ, ಗುರುವಾರ ಚಿತ್ರದುರ್ಗದಲ್ಲಿ ಯಾರಾದರೂ ಇಳಿದ ಕೂಡಲೇ ಖಾದರ್ ಸಾಬರು ಮುಂದಿನ ಸೀಟಿನ ಮೇಲೆ ಅದನ್ನು ಹಾಸುತ್ತಿದ್ದರು. ಅಲ್ಲಿಂದ ಹಿರಿಯೂರಿನವರೆಗೆ ಬರೀ ಟವೆಲ್ ಪ್ರಯಾಣ ಮಾಡುತ್ತಿತ್ತು. ಜನ ನೇತಾಡಿಕೊಂಡು ಬಂದರೂ ಅದರ ಮೇಲೆ ಒಬ್ಬರೂ ಕೂರಲಿಲ್ಲ. ನೀನು ಹತ್ತಿ ಕೂತ ಮೇಲೆ ಅದನ್ನು ನನ್ನ ಕೈಗೆಸೆದು, "ಟವೆಲ್ಲಿಗೆ ಇರೋ ಮರ್ಯಾದಿ ನಂಗಿಲ್ಲ ನೋಡು" ಅನ್ನುತ್ತಿದ್ದೆ. ದುರ್ಗದ ಕಡೆ ಹೋಗುವ ಬಸ್ಸಿನಲ್ಲಿ ನಾನದನ್ನು ಮತ್ತೆ ಖಾದರ್ ಸಾಬರಿಗೆ ಕಳಿಸುತ್ತಿದ್ದೆ.

ಬಸ್ಸಿನ ಕಡೆಯದು ಸರಿಹೋಯಿತು ಅಂತ ಎದೆಯುಬ್ಬಿಸಿಕೊಂಡು ಒಂದು ಭಾನುವಾರ ನಿನ್ನ ಮನೆಗೆ ಬಂದೆ. ನಿನ್ನ ಹೊಲದ ಮನೆಯಿಂದ ಯಲ್ಲದಕೆರೆಯ ಬಸ್ಸಿಗೆ ಮೂರು ಮೈಲಿ, ಕಾಲು ಊದಿದವನು ನಡೆಯುವ ಹಾದಿಯಲ್ಲ. ಗುರುವಾರಗಳಂದು ನೀನು ನಿನ್ನ ಎತ್ತಿನ ಗಾಡಿಯಲ್ಲೇ ಬರುತ್ತಿದ್ದೆ. ಸೋಮವಾರ ಮಾತ್ರ ಯಾರಾದರೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದರು, ಎರಡು ಸಲ ಬಿದ್ದೂ ಇದ್ದೆ. ನಾಳೆಯೂ ಗಾಡಿ ಕಟ್ಟೋ ಅಂದರೆ ನೀನು, "ಸೋಮಾರ ಎತ್ತು ಕಟ್ಟಂಗಿಲ್ಲ" ಅಂದೆ.

"ಲೇ, ಉಳೋಕಲ್ಲ ಕಣೋ, ನಿನ್ನ ಜೀವಕ್ಕೆ!"

"ಜೀವ ನಂದು. ಎತ್ತಿಂದಲ್ಲ. ಬಸವಣ್ಣಂಗೆ ವಾರಕ್ಕೆ ಒಂದು ದಿನ ಬಿಡುವು. ನಮ್ಮಪ್ಪ ಕಟ್ಲಿಲ್ಲ, ನಾನೂ ಕಟ್ಟಲ್ಲ."

ನಿನ್ನನ್ನು ಎಷ್ಟು ಬೈದೆ! ಗೌರಮ್ಮ ನೀರಿನ ಚೊಂಬು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಆಗ ಜಗಲಿಯ ಮೇಲೆ ಕೂತಿದ್ದ ಪಕ್ಕದ ಹಟ್ಟಿಯ ಕುರಿ ಕರಿಯಪ್ಪ ಕಂಬಳಿ ಕೊಡವಿ ಎದ್ದು, "ಸೋಮಾರದ ಬಿಡುವು ಎತ್ತಿಗೆ ಐತೆ, ನಮಗಿಲ್ಲ. ನಾನೂ ನನ್ನ ತಮ್ಮಾನೂ ಎಳಿತೀವಿ ಬಿಡ್ರಿ" ಅಂದ. ಮರುದಿನ ಬೆಳಿಗ್ಗೆ ಅಣ್ಣತಮ್ಮಂದಿರು ನೊಗ ಹಿಡಿದು ಎಳೆದೇ ಬಂದರು. ಎಂಟು ತಿಂಗಳು, ಒಂದು ಸೋಮವಾರವನ್ನೂ ತಪ್ಪಿಸದೆ ಎಳೆದರು.

ಒಂದು ಸೋಮವಾರ ನೀನು ಬಸ್ಸು ಹತ್ತದೆ ನನ್ನ ತೋಳು ಹಿಡಿದು ನಿಂತೆ. ಕರಿಯಪ್ಪನ ಭುಜ ತರಚಿ ಅಂಗಿಗೆ ರಕ್ತ ಅಂಟಿತ್ತು ಅಂದೆ. "ಎತ್ತಿಗೆ ನೋವಾಗಬಾರ್ದು ಅಂತ ಮನುಷರ ಮೇಲೆ ಕುಂತ್ಕಂಡು ಬರ್ತಿದೀನಲ್ಲೋ ಮಂಜ. ದಿನ ಬದಲಾಯ್ಸು. ಮಂಗಳವಾರ ಮಾಡ್ಸು." ನನಗೆ ರೇಗಿತು. ಖಾದರ್ ಸಾಬರು, ಇಬ್ಬರು ಡ್ರೈವರು, ಕಂಡಕ್ಟರು, ಲ್ಯಾಬಿನವನು, ಇಷ್ಟು ಜನರನ್ನು ಹೊಂದಿಸಲು ನಾನು ಪಟ್ಟ ಪಾಡು ನನಗೇ ಗೊತ್ತಿತ್ತು. ಒಂದು ಎಳೆ ಕಿತ್ತರೆ ಎಲ್ಲವೂ ಬಿಚ್ಚಿಹೋಗುತ್ತದೆ ಅನ್ನುವ ಭಯ. "ನಿನ್ನ ಎತ್ತಿನ ಪಂಚಾಂಗ ನೋಡಿ ಆಸ್ಪತ್ರೆ ನಡೆಸ್ತಾರೇನೋ? ಸುಮ್ನೆ ಹತ್ತು" ಅಂದುಬಿಟ್ಟೆ. ಆಸ್ಪತ್ರೆಯವರನ್ನು ಒಂದು ಮಾತು ಕೇಳಿಯೂ ನೋಡದೆ ಅಂದೆ. ನೀನು ಹತ್ತಿದೆ. ಟವೆಲನ್ನು ಎಸೆಯದೆ ಮಡಿಸಿ ನನ್ನ ಕೈಗಿಟ್ಟೆ. ಅವತ್ತೇ ನನಗೆ ಗೊತ್ತಾಗಬೇಕಿತ್ತು.

ಅದಾಗಿ ಎರಡು ವಾರಕ್ಕೆ ಆ ಸೋಮವಾರ ಬಂತು. ಯಲ್ಲದಕೆರೆಯ ಬಸ್ಸಿನಲ್ಲಿ ನೀನಿರಲಿಲ್ಲ. ಬೆಂಗಳೂರು ಬಸ್ಸು ಬಂದು ನಿಂತಿತು, ಟವೆಲ್ ಸೀಟಿನ ಮೇಲಿತ್ತು. ಹತ್ತು ನಿಮಿಷ ಬಸ್ಸು ಹಿಡಿದೆ. ಡ್ರೈವರು ಹಾರನ್ ಹೊಡೆದ, ಜನ ಕೂಗಾಡಿದರು. ಕೊನೆಗೆ ನಾನೇ ಒಳಗೆ ಹೋಗಿ ಟವೆಲ್ ಎತ್ತಿಕೊಂಡೆ. ಗಾಡಿಯ ಕೀಲು ಮುರಿದಿರಬೇಕು ಅಂದುಕೊಂಡು ನಿಮ್ಮ ಕಡೆಯ ಬಸ್ಸಿನವನಿಗೆ ವಿಚಾರಿಸಲು ಹೇಳಿದೆ. ಮಧ್ಯಾಹ್ನ ಉತ್ತರ ತಂದ. ಆಸ್ಪತ್ರೆಗೆ ಇವತ್ತು ರಜೆ ಅಂತ ನೀನೇ ಕರಿಯಪ್ಪನಿಗೆ ಹೇಳಿ, ಗಾಡಿ ಬೇಡ ಅಂದೆಯಂತೆ. ಸುಳ್ಳ! ಆ ಸುಳ್ಳು ಹೇಳಿ ಮನೆಯಲ್ಲಿ ಏನು ಮಾಡುತ್ತಾ ಕೂತಿದ್ದೆ ನೀನು? ಎತ್ತಿಗೆ ಹುಲ್ಲು ಹಾಕುತ್ತಿದ್ದೆಯಾ?

ಈಗ ಹೇಳುತ್ತೇನೆ ಕೇಳು. ನಿನ್ನನ್ನು ಬೈದು ಬಸ್ಸು ಹತ್ತಿಸಿದ ದಿನವೇ ಸಂಜೆ ನಾನು ನಿನ್ನ ಭಾವಮೈದುನನಿಗೆ ಒಂದು ಕಾರ್ಡು ಬರೆದಿದ್ದೆ. ನಿನಗೆ ಹೇಳಲಿಲ್ಲ. ಬೈದ ಬಾಯಲ್ಲೇ ಸೋತೆ ಅನ್ನಲು ನಾಚಿಕೆ, ಅದೂ ಅಲ್ಲದೆ ಆಗದಿದ್ದರೆ ನಿನಗೆ ಆಸೆ ತೋರಿಸಿದಂತೆ ಆಗುತ್ತದೆ... ಹೀಗೆ ಏನೇನೋ. ಉತ್ತರ ನೀನು ತಪ್ಪಿಸಿದ ಆ ಸೋಮವಾರದ ಹಿಂದಿನ ಶನಿವಾರ ಬಂತು. ನಾಲ್ಕೇ ಸಾಲು. ಕೇಳಿದೆ, ಒಪ್ಪಿದರು, ಮುಂದಿನ ವಾರ ಕಳೆದ ಮೇಲೆ ಮಂಗಳವಾರ, ಶುಕ್ರವಾರ ಬರಲಿ ಅಂತ. ಅಷ್ಟು ಸುಲಭವಾಗಿತ್ತು ಕಣೋ! ಆ ಸೋಮವಾರ ಟವೆಲ್ ಹಿಡಿದು ನಿಂತಿದ್ದಾಗ ಕಾರ್ಡು ನನ್ನ ಜೇಬಿನಲ್ಲಿತ್ತು. ಕಿಟಕಿಯಿಂದ ನಿನ್ನ ಮುಖದ ಮುಂದೆ ಆಡಿಸಿ ಸತಾಯಿಸಬೇಕು ಅಂತ ಇಟ್ಟುಕೊಂಡಿದ್ದೆ. ಅವತ್ತೇ ಮಧ್ಯಾಹ್ನ ನಿನ್ನ ಮನೆಗೆ ಬರಬಹುದಿತ್ತು. ಬರಲಿಲ್ಲ. ಸಿಟ್ಟಿತ್ತು. ಗುರುವಾರ ಬರಲಿ ಮಗ, ವಿಚಾರಿಸಿಕೊಳ್ಳುತ್ತೇನೆ ಅಂದುಕೊಂಡೆ. ಬುಧವಾರ ಬೆಳಿಗ್ಗೆ ನೀನು ಉಸಿರು ಸಿಕ್ಕಿಕೊಂಡು ಹೋದೆ.

ಮರುದಿನ ಗುರುವಾರ, ಖಾದರ್ ಸಾಬರಿಗೆ ಯಾರೂ ಹೇಳಿರಲಿಲ್ಲ. ಟವೆಲ್ ಬಂತು. ಬಸ್ಸಿನೊಳಗೆ ನಿಂತಿದ್ದ ಹೆಂಗಸೊಬ್ಬಳು, "ಈ ಟವೆಲ್ಲಿನವರು ಎಲ್ರಿ?" ಅಂದಳು. ನಾನು ಅವಳಿಗೆ ಕೂರಲು ಹೇಳಿ ಕೆಳಗಿಳಿದು ನಿಲ್ದಾಣದ ಹಿಂದೆ ಹೋಗಿ ಅತ್ತೆ. ಆಮೇಲೆ ಟವೆಲ್ ಕೊಡಲು ನಿನ್ನ ಮನೆಗೆ ಹೋದಾಗ ಗೌರಮ್ಮ ತೆಗೆದುಕೊಳ್ಳಲಿಲ್ಲ. "ಅದು ಬಸ್ಸಿಂದು ಅಣ್ಣಯ್ಯ. ಬಸ್ಸಲ್ಲೇ ಇರ್ಲಿ ಬಿಡ್ರಿ" ಅಂದಳು. ಕರಿಯಪ್ಪ ನನ್ನ ಮುಖ ನೋಡಲಿಲ್ಲ. ನಿನ್ನ ಸುಳ್ಳು ನಂಬಿ ಗಾಡಿ ಎಳೆಯದೆ ತಾನೇ ನಿನ್ನನ್ನು ಕೊಂದೆ ಅಂತ ಅವನು ಅಂದುಕೊಂಡಿದ್ದಾನೆ. ಕಾರ್ಡಿನ ವಿಷಯ ಅಲ್ಲಿ ನಾನು ಬಾಯಿಬಿಡಲಿಲ್ಲ. ಬರುವ ಭಾನುವಾರ ಹೋಗುತ್ತೇನೆ ಪರಮೇಶಿ. ಅವನ ಎದುರು ಕೂತು ನಾಲ್ಕೂ ಸಾಲು ಓದಿ ಹೇಳುತ್ತೇನೆ. ತಪ್ಪಿನಲ್ಲಿ ನನ್ನ ಪಾಲನ್ನೂ ಅವನೊಬ್ಬನೇ ಹೊರುವುದು ಬೇಡ.

ಹಾಂ, ಹೊಸದುರ್ಗದ ಬಸ್ಸು ಬಂತು. ತಡಿ.

ಇಳಿಸಿ ಬಂದೆ. ಹೊಲಿಗೆ ಹೇಳಿಕೊಡುವ ಟೀಚರಮ್ಮ, ನಿನ್ನ ಹಾಗೆಯೇ ಊದಿದ ಮುಖ, ಜೊತೆಗೆ ಗಂಡ. ನಿನಗೆ ಕೊಟ್ಟು ನೀನು ಒಂದು ಸಲವೂ ಹೋಗದ ದಿನಗಳನ್ನೇ ನಿನ್ನ ಭಾವಮೈದುನ ಇವರಿಗೆ ಕೊಡಿಸಿದ್ದಾನೆ. ಈ ಸಲ ನಾನು ಮೊದಲೇ ಕಾರ್ಡು ಹಾಕಿ ಕೇಳಿದ್ದೆ, ವಾರದಲ್ಲಿ ಯಾವ ದಿನ ನಿಮಗೆ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ. ಈಗ ಬೆಂಚಿನ ಮೇಲೆ ಕೂರಿಸಿ ಮತ್ತೆ ಕೇಳಿದೆ. ಆಕೆ ಗಂಡನ ಮುಖ ನೋಡಿ ನಕ್ಕು, "ಯಾವ ದಿನ ಆದ್ರೂ ಆಗುತ್ತೆ ಸಾರ್. ಇದನ್ನೂ ಕೇಳ್ತಾರಾ?" ಅಂದರು. ಕೇಳಬೇಕಮ್ಮ ಅಂದೆ. ಇನ್ನು ಮುಂದೆ ಈ ಕಿಟಕಿಗೆ ಯಾರೇ ಬರಲಿ, ಮೊದಲು ಅದನ್ನೇ ಕೇಳುತ್ತೇನೆ.

ಬೆಂಗಳೂರು ಬಸ್ಸು ಒಳಗೆ ತಿರುಗುತ್ತಿದೆ. ಮುಂದಿನ ಸೀಟಿನ ಮೇಲೆ ಕೆಂಪು ಅಂಚು ಇಲ್ಲಿಂದಲೇ ಕಾಣುತ್ತಿದೆ. ಹೋಗಿ ಟವೆಲ್ ತೆಗೆದು ಅವರನ್ನು ಕೂರಿಸಬೇಕು.

ಇವತ್ತು ಮಂಗಳವಾರ ಕಣೋ. ಎತ್ತು ಕಟ್ಟಬಹುದಿತ್ತು.

ನಿನ್ನ,
ಮಂಜ