ಇಪ್ಪತ್ತನಾಲ್ಕು ಕಾಯಿಯ ಪಾಠ

ಲಖನೌ, 9-12-1979

ಅಕ್ಕನಿಗೆ ಸಲಾಂ.

ಕೆಮ್ಮು ವಾಸಿಯಾಗಿದೆ, ಕಂಬಳಿ ಮಾತ್ರ ಸಾಲದು. ನಿನ್ನೆ ಮದರಸಾದಲ್ಲಿ ಉಸ್ತಾದರು, ಸತ್ತವನಿಗೆ ತಾಯಿ, ಹೆಂಡತಿ, ಒಬ್ಬ ಮಗ ಇದ್ದರೆ ಆಸ್ತಿ ಯಾರಿಗೆಷ್ಟು ಎಂದು ಕೇಳಿದರು. ಎಲ್ಲರೂ ಭಿನ್ನರಾಶಿಯಲ್ಲಿ ಒದ್ದಾಡುತ್ತಿದ್ದರು. ಗುಬ್ಬಿಯ ನಮ್ಮ ಹಿತ್ತಲಲ್ಲಿ ನೀನು ಇಪ್ಪತ್ತನಾಲ್ಕು ತೆಂಗಿನಕಾಯಿ ಗುಡ್ಡೆ ಹಾಕಿ, “ತಾಯಿಗೆ ನಾಕು, ಹೆಂಡ್ತಿಗೆ ಮೂರು, ಮಿಕ್ಕಿದ್ದು ಹದಿನೇಳೂ ಮಗಂಗೆ ಕಣೋ” ಎಂದಿದ್ದೆಯಲ್ಲ, ಅದನ್ನೇ ಒಪ್ಪಿಸಿದೆ. ಇಲ್ಲಿ ತೆಂಗಿನಕಾಯಿ ಎಲ್ಲಿಂದ ಬರಬೇಕು? ಉಸ್ತಾದರು ಅಕ್ರೋಟು ತರಿಸಿ ಎಣಿಸಿ ನೋಡಿದರು. ಕುಣಿದಾಡುವುದೊಂದು ಬಾಕಿ! “ಯಾರು ಕಲಿಸಿದ್ದು?” ಎಂದರು. ಮೂರು ದಿನ ರೈಲಿನಲ್ಲಿ ಕೂತು ಬಂದರೂ ಇಲ್ಲೂ ನೀನೇ ಜಾಣೆಯೇ ಎಂದು ಹೊಟ್ಟೆ ಉರಿದು, “ನಮ್ಮ ಅಬ್ಬಾ” ಎಂದುಬಿಟ್ಟೆ. ಅವರು ಆಗಲೇ ಅಬ್ಬಾನನ್ನು ಹೊಗಳಿ ಮನೆಗೆ ಕಾಗದ ಹಾಕಿದ್ದಾರೆ.

ಅಬ್ಬಾನ ಕಣ್ಣಿಗೆ ಪೊರೆ ಬಂದಾಗಿನಿಂದ ಕಿತಾಬು, ಕಾಗದ ಎಲ್ಲ ಓದಿ ಹೇಳುವವಳು ನೀನು. ಹಾಗೇ ತಾನೆ ಇಷ್ಟೆಲ್ಲ ಕಲಿತದ್ದು! ಉಸ್ತಾದರ ಕಾಗದವನ್ನೂ ನೀನೇ ಓದಬೇಕು. ಟಪಾಲು ತೆಗೆಯುವ ಹೊತ್ತಾಯಿತು. ಹೊಗಳಿಕೆ ಬಂದ ಕಡೆ ನಿನ್ನ ಹೆಸರು ಹಾಕಿಕೊಂಡು ಓದು. ಹಾಕಿಕೊಳ್ಳದಿದ್ದರೂ ನನಗೇನೂ ಬೇಜಾರಿಲ್ಲ.

ನಿನ್ನ ತಮ್ಮ,
ಬುಡೇನ್